ದೂರದ ಸಿಗ್ನಲ್ ಹಿಡಿಯಬೇಕಾ? ಮೊದಲು ಗಡಿಯಾರ ಸರಿ ಮಾಡಿ

ಹ್ಯಾಮ್ ರೇಡಿಯೊದಲ್ಲಿ (ಹವ್ಯಾಸಿ ರೇಡಿಯೊ) ಕಿವಿಗೆ ಬರೀ ಗೊರಗೊರ ಸದ್ದು ಕೇಳುತ್ತಿರುತ್ತದೆ. ಅದೇ ಹೊತ್ತಿಗೆ ಕಂಪ್ಯೂಟರ್ ಪರದೆಯಲ್ಲಿ ಸಾವಿರಾರು ಕಿಲೋಮೀಟರ್ ಆಚೆಯ ಸಂದೇಶ ಮೂಡುತ್ತದೆ. ಇದು ಡಬ್ಲ್ಯುಎಸ್‌ಜೆಟಿ-ಎಕ್ಸ್ ಎಂಬ ಉಚಿತ ಸಾಫ್ಟ್‌ವೇರ್‌ನ ಕೆಲಸ. ಇದರ ಹಿಂದಿರುವವರು 1993ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಜೋ ಟೇಲರ್. 2017ರಲ್ಲಿ ಬಂದ, ಚುಟುಕು ಸಂದೇಶ ಕಳಿಸುವ ವಿಧಾನವಾದ ಎಫ್‌ಟಿ8 ಇದರಲ್ಲಿ ಜಾಸ್ತಿ ಬಳಕೆಯಲ್ಲಿದೆ.

ಮನೆ ಮೇಲೆ ಆಂಟೆನಾ ಗೋಪುರ ನಿಲ್ಲಿಸಲು ಆಗದವರಿಗೆ ಇದು ದೊಡ್ಡ ಅನುಕೂಲ. 14 ಮೆಗಾಹರ್ಟ್ಸ್‌ಗೆ ಸುಮಾರು 10 ಮೀಟರ್ ಉದ್ದದ ತಂತಿ ಡೈಪೋಲ್ (ನಡುವೆ ಕೇಬಲ್ ಜೋಡಿಸುವ ಸರಳ ಆಂಟೆನಾ) ಸಾಕು.

ಸಾಫ್ಟ್‌ವೇರ್ ಹಾಕಿಕೊಂಡು ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು), ಗ್ರಿಡ್ (ನಿಮ್ಮ ಸ್ಥಳ ಹೇಳುವ ಸಂಕೇತ) ತುಂಬಿ. ದಾವಣಗೆರೆ ನಗರದ ಗ್ರಿಡ್ ಎಂಕೆ74, ಚಿತ್ರದುರ್ಗದ್ದು ಎಂಕೆ84. 76 ಡಿಗ್ರಿ ರೇಖಾಂಶ ಈ ಎರಡು ಊರುಗಳ ನಡುವೆ ಹಾದುಹೋಗುವುದರಿಂದ ಈ ವ್ಯತ್ಯಾಸ. ಆಡಿಯೊ ವಿಭಾಗದಲ್ಲಿ ರೇಡಿಯೊದ ಸೌಂಡ್ ಕಾರ್ಡ್ ಆರಿಸಿ. ರೇಡಿಯೊವನ್ನು 14.074 ಮೆಗಾಹರ್ಟ್ಸ್, ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ಮೋಡ್‌ಗೆ ಇಡಿ.

ಇನ್ನು ಗಡಿಯಾರ. ಬಹಳ ಜನ ಎಡವುವುದು ಇಲ್ಲೇ. ಎಫ್‌ಟಿ8ನಲ್ಲಿ ಎಲ್ಲರೂ 15 ಸೆಕೆಂಡಿನ ಸರದಿಯಲ್ಲಿ ಮಾತಾಡುತ್ತಾರೆ. ನಿಮ್ಮ ಕಂಪ್ಯೂಟರ್ ಎರಡು-ಮೂರು ಸೆಕೆಂಡ್ ಹಿಂದೆ ಬಿದ್ದರೂ ಪರದೆ ಖಾಲಿ. ಆದ್ದರಿಂದ ಇಂಟರ್ನೆಟ್ ಸಮಯಕ್ಕೆ ಹೊಂದಿಸಿ. ಆಮೇಲೆ ಡಿಟಿ ಎಂಬ ಕಾಲಂ ನೋಡಿ, ಅದು ಸಮಯದ ವ್ಯತ್ಯಾಸವನ್ನು ಸೆಕೆಂಡಿನಲ್ಲಿ ತೋರಿಸುತ್ತದೆ. ಹೆಚ್ಚಿನ ಸಾಲುಗಳಲ್ಲಿ 0.1, 0.2 ಇದ್ದರೆ ಸರಿ. ಎಲ್ಲಾ ಸಾಲುಗಳಲ್ಲೂ 1.5ರ ಆಸುಪಾಸು ಇದ್ದರೆ ತಪ್ಪು ಸಂದೇಶ ಕಳಿಸುವವರದ್ದಲ್ಲ, ನಿಮ್ಮ ಗಡಿಯಾರದ್ದು. ಹೆಚ್ಚು ವ್ಯಾಟ್‌ನ ರೇಡಿಯೊಗೆ ದುಡ್ಡು ಸುರಿಯುವ ಮೊದಲು ಇದನ್ನು ನೋಡಲೇಬೇಕು ಅಲ್ವಾ?

ಪಕ್ಕದ ಡಿಬಿ ಕಾಲಂನಲ್ಲಿ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ) -18, -20 ಕಂಡರೆ ಗಾಬರಿ ಬೇಡ. ಅಷ್ಟು ಕ್ಷೀಣ ಸಿಗ್ನಲ್ ಓದುವುದೇ ಇದರ ಶಕ್ತಿ. ಏನೂ ಬರದಿದ್ದರೆ ಮನೆಯ ಎಲ್‌ಇಡಿ ಬಲ್ಬ್, ಚಾರ್ಜರ್, ಇನ್ವರ್ಟರ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ. ಗದ್ದಲ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುತ್ತದೆ.

ಪ್ರಸಾರ ಮಾಡಲು ಹ್ಯಾಮ್ ಲೈಸೆನ್ಸ್ ಕಡ್ಡಾಯ. ಪ್ರತಿ ಸರದಿಯಲ್ಲೂ 12.64 ಸೆಕೆಂಡ್ ಬಿಡುವಿಲ್ಲದೆ ಸಿಗ್ನಲ್ ಹೋಗುವುದರಿಂದ ರೇಡಿಯೊ ಬಿಸಿಯಾಗುತ್ತದೆ. ಪವರ್ ಅರ್ಧಕ್ಕಿಂತ ಕೆಳಗಿಡಿ. ಎಎಲ್‌ಸಿ (ಆಡಿಯೊ ಅತಿಯಾದರೆ ತೋರಿಸುವ ರೇಡಿಯೊ ಮೀಟರ್) ಮುಳ್ಳು ಏಳದಷ್ಟು ಆಡಿಯೊ ತಗ್ಗಿಸಿ, ಇಲ್ಲದಿದ್ದರೆ ನಿಮ್ಮ ಸಿಗ್ನಲ್ ಕೆಟ್ಟು ಅಕ್ಕಪಕ್ಕದವರಿಗೆ ತೊಂದರೆ. ಈಗ ಸಿಕ್ಯೂ (ಯಾರಾದರೂ ಉತ್ತರಿಸಿ) ಎಂದು ಕರೆಯುತ್ತಿರುವವರ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಉತ್ತರ ಬಾರದಿದ್ದರೂ ಪಿಎಸ್‌ಕೆ ರಿಪೋರ್ಟರ್ ಎಂಬ ವೆಬ್‌ಸೈಟಿನ ನಕ್ಷೆ ತೆರೆಯಿರಿ. ನಿಮ್ಮ ಸಿಗ್ನಲ್ ಯಾವ್ಯಾವ ದೇಶದಲ್ಲಿ ಕೇಳಿಸಿದೆ ಎಂಬುದು ಅಲ್ಲಿ ಕಾಣುತ್ತದೆ.