ಮೊದಲು ರೇಡಿಯೊ ಚಿತ್ರ, ಆಮೇಲೆ ಗ್ಯಾಲಕ್ಸಿ: ಹುಡುಕುವುದು ಹೀಗೆ

ರೇಡಿಯೊ ಅಲೆಗಳಲ್ಲಿ ನೋಡಿದಾಗ ಆಕಾಶದಲ್ಲಿ ಜೋರಾಗಿ ಹೊಳೆಯುವ ಚುಕ್ಕಿಗಳಲ್ಲಿ ಹೆಚ್ಚಿನವು ನಕ್ಷತ್ರಗಳಲ್ಲ. ದೂರದ ಗ್ಯಾಲಕ್ಸಿಗಳ ಕೇಂದ್ರದಲ್ಲಿ ಕೂತಿರುವ ದೈತ್ಯ ಕಪ್ಪುಕುಳಿಗಳ ಕೆಲಸ ಅದು. ಯಾವ ಚುಕ್ಕಿ ಯಾವ ಗ್ಯಾಲಕ್ಸಿಯದು ಎಂದು ಪತ್ತೆ ಹಚ್ಚುವುದು ನನಗೆ ತುಂಬಾ ಇಷ್ಟದ ಕೆಲಸ. ಇದಕ್ಕೆ ಟೆಲಿಸ್ಕೋಪ್ ಬೇಡ. ಬ್ರೌಸರ್‌ನಲ್ಲೇ ಓಡುವ ಅಲಾಡಿನ್ ಲೈಟ್ ಎಂಬ ಆಕಾಶ ನಕ್ಷೆ ಇದ್ದರೆ ಶುರು ಮಾಡಬಹುದು.

ನಾನು ಬಿಡದೆ ಪಾಲಿಸುವ ನಿಯಮ ಒಂದಿದೆ. ಗ್ಯಾಲಕ್ಸಿ ಎಲ್ಲಿರಬೇಕು ಎಂದು ರೇಡಿಯೊ ಚಿತ್ರ ನೋಡಿಯೇ ತೀರ್ಮಾನಿಸಿ, ಆ ಜಾಗಕ್ಕೆ ಗುರುತು ಹಾಕಿ. ಅಲ್ಲಿಯವರೆಗೆ ಬೆಳಕಿನ ಚಿತ್ರ, ಅಂದರೆ ಸಾಮಾನ್ಯ ಟೆಲಿಸ್ಕೋಪ್ ತೆಗೆದ ಚಿತ್ರ, ತೆರೆಯಬೇಡಿ. ಮೊದಲೇ ತೆರೆದರೆ ಕಣ್ಣು ಸೀದಾ ದೊಡ್ಡ, ಚೆಂದದ ಗ್ಯಾಲಕ್ಸಿಯ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಮನಸ್ಸು ಅದಕ್ಕೆ ತಕ್ಕ ಕಾರಣ ಹುಡುಕುತ್ತದೆ.

ಒಂದೇ ಒಂದು ರೇಡಿಯೊ ಚಿತ್ರ ಸಾಲದು. ಎನ್‌ವಿಎಸ್‌ಎಸ್ ಎಂಬ ರೇಡಿಯೊ ಸರ್ವೆ 45 ಆರ್ಕ್‌ಸೆಕೆಂಡ್‌ಗಿಂತ (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ) ಸಣ್ಣ ವಿವರ ತೋರಿಸುವುದಿಲ್ಲ, ಆದರೆ ಹರಡಿಕೊಂಡ ಮಂಕು ಭಾಗವನ್ನು ಚೆನ್ನಾಗಿ ಹಿಡಿಯುತ್ತದೆ. ವಿಎಲ್‌ಎಎಸ್‌ಎಸ್ ಎಂಬ ಇನ್ನೊಂದು ರೇಡಿಯೊ ಸರ್ವೆ ಸುಮಾರು 2.5 ಆರ್ಕ್‌ಸೆಕೆಂಡ್‌ನಷ್ಟು ಚೂಪಾಗಿದೆ, ಆದರೆ ಅದೇ ಮಂಕು ಭಾಗ ಅದರಲ್ಲಿ ಮಾಯವಾಗಿರಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಂದೇ ಬಿಂದು ಕಂಡರೆ ಕೆಲಸ ಸುಲಭ. ಅದರಿಂದ ಒಂದೆರಡು ಆರ್ಕ್‌ಸೆಕೆಂಡ್ ಒಳಗೆ ಯಾವ ಗ್ಯಾಲಕ್ಸಿ ಇದೆ ಅಂತ ನೋಡಿದರೆ ಆಯಿತು.

ಕಷ್ಟ ಬರುವುದು ಜೋಡಿ ಚುಕ್ಕಿಗಳಲ್ಲಿ. ಸಿಗ್ನಸ್ ಎ ಎಂಬ ರೇಡಿಯೊ ಗ್ಯಾಲಕ್ಸಿ ತೆರೆದು ನೋಡಿ, ಅರ್ಥವಾಗುತ್ತದೆ. ಎರಡು ದೊಡ್ಡ ಹೊಳೆಯುವ ಲೋಬ್‌ಗಳು (ಕಪ್ಪುಕುಳಿಯ ಬಳಿಯಿಂದ ಚಿಮ್ಮಿ ಹರಡಿದ ಕಣಗಳ ಮೋಡಗಳು), ನಡುವೆ ಬಹುತೇಕ ಖಾಲಿ. 1951ರಲ್ಲಿ ಗ್ರಹಾಮ್ ಸ್ಮಿತ್ ಇದರ ಸ್ಥಾನವನ್ನು ನಿಖರವಾಗಿ ಅಳೆದರು. ಅದನ್ನು ಹಿಡಿದು ಬಾಡೆ ಮತ್ತು ಮಿಂಕೋವ್‌ಸ್ಕಿ ಪಾಲೋಮರ್‌ನ 200 ಇಂಚಿನ ಟೆಲಿಸ್ಕೋಪ್‌ನಿಂದ ಗ್ಯಾಲಕ್ಸಿಯನ್ನು ಗುರುತಿಸಿ 1954ರಲ್ಲಿ ಪ್ರಕಟಿಸಿದರು. ಈ ನಡುವೆ, 1953ರಲ್ಲಿ, ಜೆನಿಸನ್ ಮತ್ತು ದಾಸ್ ಗುಪ್ತ ಒಂದು ಅಚ್ಚರಿಯ ಸಂಗತಿ ತೋರಿಸಿದ್ದರು: ರೇಡಿಯೊ ಬರುತ್ತಿರುವುದು ಒಂದು ಕಡೆಯಿಂದಲ್ಲ, ಎರಡು ಕಡೆಯಿಂದ. ಆ ಎರಡರ ನಡುವೆ ಗ್ಯಾಲಕ್ಸಿ. ಒಂದೊಂದು ಲೋಬ್‌ನ ತುದಿಯೂ ಗ್ಯಾಲಕ್ಸಿಯಿಂದ ಸುಮಾರು ಒಂದು ಆರ್ಕ್‌ಮಿನಿಟ್ (60 ಆರ್ಕ್‌ಸೆಕೆಂಡ್) ದೂರ. ಹೆಚ್ಚು ಹೊಳೆಯುವ ಜಾಗದ ಕೆಳಗೇ ಹುಡುಕುತ್ತಾ ಕೂತರೆ ಸಿಗುವುದು ನಮ್ಮ ಕ್ಷೀರಪಥದ ನಕ್ಷತ್ರಗಳು ಮಾತ್ರ.

ಹಾಗಾಗಿ ಲೋಬ್‌ಗಳ ನಡುವೆ ಸಣ್ಣ ಚುಕ್ಕಿಯಂಥ ಕೋರ್, ಅಂದರೆ ಕಪ್ಪುಕುಳಿ ಇರುವ ಜಾಗ, ಇದೆಯಾ ನೋಡಿ. ಲೋಬ್‌ಗಳು ಕಡಿಮೆ ಆವರ್ತನದಲ್ಲಿ ಜಾಸ್ತಿ ಹೊಳೆಯುತ್ತವೆ, ಕೋರ್ ಹೆಚ್ಚಿನ ಆವರ್ತನದಲ್ಲೂ ಅಷ್ಟಾಗಿ ಮಂಕಾಗುವುದಿಲ್ಲ. ಲೋಫಾರ್ ರೇಡಿಯೊ ಟೆಲಿಸ್ಕೋಪ್‌ನ 144 ಮೆಗಾಹರ್ಟ್ಸ್ ಚಿತ್ರವನ್ನು ವಿಎಲ್‌ಎಎಸ್‌ಎಸ್‌ನ 3 ಗಿಗಾಹರ್ಟ್ಸ್ ಚಿತ್ರದ ಜೊತೆ ಹೋಲಿಸಿದರೆ ಕೋರ್ ಯಾವುದೆಂದು ಬೇಗ ಹೊಳೆಯುತ್ತದೆ. ಕೋರ್ ಕಾಣದಿದ್ದರೆ ಕೋರ್‌ನಿಂದ ಲೋಬ್‌ನತ್ತ ಚಿಮ್ಮುವ ಧಾರೆಯಾದ ಜೆಟ್‌ನ ಎಳೆ ಹಿಡಿದು ಹಿಂದಕ್ಕೆ ಹೋಗಿ. ಅದೂ ಇಲ್ಲದಿದ್ದರೆ ಎರಡು ಲೋಬ್‌ಗಳ ನಡುವೆ ಗೆರೆ ಎಳೆದು ಮಧ್ಯಭಾಗ ನೋಡಿ. ಸರಿಯಾಗಿ ನಟ್ಟನಡುವೆಯೇ ಇರಬೇಕು ಎಂದು ಹಟ ಬೇಡ, ಒಂದು ಕಡೆಯ ತೋಳು ಗಿಡ್ಡವಾಗಿರುವುದು ಸಾಮಾನ್ಯ.

ಗೆರೆ ನೇರವಾಗಿರಲೇಬೇಕು ಅಂತಲೂ ಇಲ್ಲ. ಪರ್ಸಿಯಸ್ ಗ್ಯಾಲಕ್ಸಿ ಗುಚ್ಛದ ಎನ್‌ಜಿಸಿ 1265 ಎಂಬ ಗ್ಯಾಲಕ್ಸಿ ಬಿಸಿ ಅನಿಲದ ನಡುವೆ ವೇಗವಾಗಿ ನುಗ್ಗುತ್ತಿದೆ. ಅದರ ಎರಡೂ ಜೆಟ್‌ಗಳು ಓಡುವವರ ಬಿಚ್ಚುಗೂದಲಿನಂತೆ ಹಿಂದಕ್ಕೆ ಬಾಗಿವೆ. ಇಂಥದ್ದರಲ್ಲಿ ಗ್ಯಾಲಕ್ಸಿ ತಲೆಯ ತುದಿಯಲ್ಲಿರುತ್ತದೆ.

ಈಗ ಬೆಳಕಿನ ಚಿತ್ರ ತೆರೆಯಿರಿ. ನಾನು ಪ್ಯಾನ್‌ಸ್ಟಾರ್ಸ್ ಎಂಬ ಆಕಾಶ ಸರ್ವೆಯ ಚಿತ್ರವನ್ನು ಬಿಳಿ ಹಿನ್ನೆಲೆಯಲ್ಲಿ ಕಪ್ಪು ಚುಕ್ಕಿಗಳಾಗಿ ಮಾಡಿಕೊಳ್ಳುತ್ತೇನೆ. ಮಂಕು ಗ್ಯಾಲಕ್ಸಿ ಹಾಗೆ ಬೇಗ ಕಣ್ಣಿಗೆ ಬೀಳುತ್ತದೆ. ಗುರುತಿನ ಹತ್ತಿರ ಕೆಂಪಗಿನ, ಮೊಟ್ಟೆಯಾಕಾರದ ಗ್ಯಾಲಕ್ಸಿ ಇದ್ದರೆ ಒಳ್ಳೆಯ ಲಕ್ಷಣ. ಸುರುಳಿ ಗ್ಯಾಲಕ್ಸಿ ಇದ್ದರೆ ಅನುಮಾನಪಡಿ, ಅವು ಇಷ್ಟು ದೊಡ್ಡ ಲೋಬ್‌ಗಳನ್ನು ಹೊರಹಾಕುವುದು ತೀರಾ ಅಪರೂಪ. ಏನೂ ಕಾಣದಿದ್ದರೆ ವೈಸ್ ಬಾಹ್ಯಾಕಾಶ ಟೆಲಿಸ್ಕೋಪ್‌ನ 3.4 ಮೈಕ್ರಾನ್ ಇನ್‌ಫ್ರಾರೆಡ್ ಚಿತ್ರಕ್ಕೆ ಹೋಗಿ. ತುಂಬಾ ದೂರದ ಅಥವಾ ಧೂಳು ಮುಸುಕಿದ ಗ್ಯಾಲಕ್ಸಿಗಳು ಎಷ್ಟೋ ಸಲ ಅಲ್ಲೇ ಸಿಗುತ್ತವೆ. ಅದರ ವಿವರ ಸುಮಾರು 6 ಆರ್ಕ್‌ಸೆಕೆಂಡ್ ಮಾತ್ರ, ಹತ್ತಿರದ ಎರಡು ಒಂದಾಗಿ ಕಾಣಬಹುದು.

ನಕ್ಷತ್ರದಂತೆ ಕಾಣುತ್ತದೆ ಅಂತ ಸುಮ್ನೆ ತಳ್ಳಿಹಾಕಬೇಡಿ. 3ಸಿ 273 ಕೂಡ ನೋಡಲು ನಕ್ಷತ್ರವೇ. 1963ರಲ್ಲಿ ಮಾರ್ಟೆನ್ ಸ್ಮಿತ್ ಅದರ ರೆಡ್‌ಶಿಫ್ಟ್ (ಬೆಳಕು ಕೆಂಪಿನತ್ತ ಸರಿದ ಪ್ರಮಾಣ, ಹೆಚ್ಚಿದಷ್ಟೂ ದೂರ) 0.158 ಎಂದು ಕಂಡುಕೊಂಡ ಮೇಲೆ ಅದು ಕ್ವೇಸಾರ್, ಅಂದರೆ ದೂರದ ಗ್ಯಾಲಕ್ಸಿಯೊಂದರ ಪ್ರಖರ ಕೇಂದ್ರ, ಎಂದಾಯಿತು. ತನ್ನ ಗ್ಯಾಲಕ್ಸಿಯನ್ನೇ ಮುಳುಗಿಸುವಷ್ಟು ಬೆಳಕು ಅದರದ್ದು.

ಕೊನೆಗೊಂದು ಲೆಕ್ಕ ಮಾಡಿ. ಎನ್‌ಇಡಿ ಎಂಬ ಆನ್‌ಲೈನ್ ಮಾಹಿತಿ ಭಂಡಾರದಲ್ಲಿ ಗ್ಯಾಲಕ್ಸಿಯ ರೆಡ್‌ಶಿಫ್ಟ್ ನೋಡಿ, ರೇಡಿಯೊ ಆಕೃತಿಯ ನಿಜವಾದ ಉದ್ದ ಅಂದಾಜು ಮಾಡಿ. ರೆಡ್‌ಶಿಫ್ಟ್ 0.5 ಇದ್ದರೆ ಒಂದು ಆರ್ಕ್‌ಮಿನಿಟ್ ಎಂದರೆ ಸುಮಾರು 12 ಲಕ್ಷ ಜ್ಯೋತಿರ್ವರ್ಷ. 2024ರಲ್ಲಿ ಪ್ರಕಟವಾದ ಪೋರ್ಫಿರಿಯನ್ ಎಂಬ ಮಹಾದೈತ್ಯ ಜೆಟ್ ಜೋಡಿಯೇ ಸುಮಾರು 2.3 ಕೋಟಿ ಜ್ಯೋತಿರ್ವರ್ಷ ಉದ್ದ. ನಿಮ್ಮ ಲೆಕ್ಕ ಅದನ್ನೂ ಮೀರಿದರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಚುಕ್ಕಿಗಳನ್ನು ಜೋಡಿ ಮಾಡಿರುವ ಸಾಧ್ಯತೆಯೇ ಜಾಸ್ತಿ. ಆಗ ಪ್ರತಿ ಚುಕ್ಕಿಗೂ ಬೇರೆ ಬೇರೆ ಗ್ಯಾಲಕ್ಸಿ ಇದೆಯಾ ಎಂದು ಮತ್ತೆ ನೋಡಿ. ಏನೂ ಸಿಗದಿದ್ದರೆ ‘ಗ್ಯಾಲಕ್ಸಿ ಕಂಡಿಲ್ಲ’ ಎಂದೇ ಬರೆದಿಡಿ, ಜೊತೆಗೆ ಯಾವ ಯಾವ ಚಿತ್ರ ನೋಡಿದಿರಿ ಎಂಬುದನ್ನೂ.