ಮೈಯೊಳಗಿನ ನಡುಕ ಇಟ್ಟುಕೊಂಡು ದಿನ ಕಳೆಯುವುದು ಹೇಗೆ?

ಕೋವಿಡ್ ಬಂದು ಹೋಗಿ ತಿಂಗಳುಗಳಾದವು. ಒಳಗಿನ ನಡುಕ ಮಾತ್ರ ಹೋಗಿಲ್ಲ. ಕೈ ಚಾಚಿದರೆ ಬೆರಳು ಅಲುಗುವುದಿಲ್ಲ. ಆದರೆ ಎದೆಗೂಡಿನಲ್ಲಿ, ತೊಡೆಯೊಳಗೆ ಫೋನ್ ವೈಬ್ರೇಟ್ ಆದ ಹಾಗೆ ಗುಂಯ್‌ಗುಡುತ್ತದೆ, ಮಲಗಿದಾಗ ಇನ್ನೂ ಜಾಸ್ತಿ. ನಿಮಗೂ ಹೀಗಾಗುತ್ತಿದ್ದರೆ ಅದು ಭ್ರಮೆಯಲ್ಲ. ಲಾಂಗ್ ಕೋವಿಡ್, ಅಂದರೆ ಕೋವಿಡ್ ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆ, ಇರುವ ಎಷ್ಟೋ ಜನ ಇದನ್ನೇ ಹೇಳುತ್ತಾರೆ.

ಮೊದಲು ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಬಿ12, ಸಕ್ಕರೆ, ಮೆಗ್ನೀಸಿಯಂ ಪರೀಕ್ಷೆಗಳ ಬಗ್ಗೆ ಕೇಳಿ. ತೆಗೆದುಕೊಳ್ಳುವ ಔಷಧಿಯನ್ನೆಲ್ಲ ಹೇಳಿ. ಉಬ್ಬಸಕ್ಕೆ ಬಳಸುವ ಸಾಲ್ಬುಟಮಾಲ್ ಇನ್‌ಹೇಲರ್‌ನಿಂದಲೂ ನಡುಕ ಬರಬಹುದು. ಎದ್ದು ನಿಂತ 10 ನಿಮಿಷದೊಳಗೆ ನಾಡಿಬಡಿತ ಮೊದಲಿದ್ದುದಕ್ಕಿಂತ ನಿಮಿಷಕ್ಕೆ 30 ಅಥವಾ ಇನ್ನೂ ಜಾಸ್ತಿ ಏರಿದರೆ ಅದನ್ನೂ ತಿಳಿಸಿ. ರಿಪೋರ್ಟ್ ಎಲ್ಲಾ ನಾರ್ಮಲ್ ಬಂದರೂ ನಿಮ್ಮ ತೊಂದರೆ ಸುಳ್ಳಾಗುವುದಿಲ್ಲ.

ನನಗೆ ತುಂಬಾ ನೆರವಾದದ್ದು ಒಂದು ಪುಟ್ಟ ನೋಟ್‌ಬುಕ್. ನಡುಕ ಯಾವಾಗ ಬಂತು, ರಾತ್ರಿ ನಿದ್ದೆ ಹೇಗಿತ್ತು, ಹಿಂದಿನ ದಿನ ಏನೇನು ಕೆಲಸ ಮಾಡಿದ್ದೆ, ಇಷ್ಟೇ ಬರೆಯುತ್ತೇನೆ. ಮೈ ಹಗುರಾಗಿದೆ ಅಂತ ಬಟ್ಟೆ ಒಗೆದು, ಮನೆಯೆಲ್ಲ ಒರೆಸಿದರೆ ಮರುದಿನ ನಡುಕ ಜೋರು. ಹಾಗಾಗಿ ಈಗ ಅರ್ಧ ಕೋಣೆ ಒರೆಸಿ ಕೂತುಬಿಡುತ್ತೇನೆ. ಸುಸ್ತಾಗುವ ಮುಂಚೆಯೇ ನಿಲ್ಲಿಸಬೇಕು, ಆಮೇಲಲ್ಲ. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟಿದ್ದೇನೆ.

ರಾತ್ರಿ ಎಚ್ಚರವಾದರೆ ಮಂಡಿಗಳ ನಡುವೆ ದಿಂಬು ಇಟ್ಟು, ಹೊಟ್ಟೆ ಮೇಲೆ ಅಂಗೈ ಒತ್ತಿ, ಉಸಿರನ್ನು ನಿಧಾನಕ್ಕೆ ಹೊರಗೆ ಬಿಡಿ. ನಡುಕ ಹೋಗದಿದ್ದರೂ ಗಾಬರಿ ಇಳಿಯುತ್ತದೆ, ಅದೂ ದೊಡ್ಡದೇ ಅಲ್ವಾ?

ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಮಾತ್ರ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.