ಮೂಲೆಯಲ್ಲೊಂದು ನಂಬರ್: 1999ರ ದ್ರಾಸ್‌ನಿಂದ ಮನೆಗೆ ಬರೆದ ಪತ್ರಗಳು

ಕಾರ್ಗಿಲ್ ಯುದ್ಧದ ಹೊತ್ತು. 1999ರ ಜೂನ್ ಮೊದಲ ವಾರ ನಮ್ಮ ಯುನಿಟ್ ಕಾಶ್ಮೀರದ ಜೊಜಿಲಾ ಕಣಿವೆದಾರಿ ದಾಟಿ ದ್ರಾಸ್ ಕಡೆ ಇಳಿಯಿತು. ನಾನು ತೋಪುಖಾನೆಯವನು, ಬೋಫೋರ್ಸ್ ಗನ್ನಿನ, ಅಂದರೆ ದೊಡ್ಡ ಫಿರಂಗಿಯ, ತಂಡದಲ್ಲಿದ್ದೆ. ಮದುವೆಯಾಗಿ ಹನ್ನೊಂದು ತಿಂಗಳಾಗಿತ್ತು. ಹಾವೇರಿ ಜಿಲ್ಲೆಯ ಊರಲ್ಲಿ ಅಪ್ಪ, ಅವ್ವ, ಹೆಂಡತಿ, ಎರಡು ಎತ್ತು.

ಮನೆಯವರಿಗೆ ಗೊತ್ತಿದ್ದ ವಿಳಾಸ ಇಷ್ಟೇ: ಹೆಸರು, ನಂಬರ್, ಯುನಿಟ್, ಕೇರಾಫ್ 56 ಎಪಿಒ. ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ. ಯಾವ ಬೆಟ್ಟ, ಯಾವ ಹಳ್ಳಿ ಅಂತ ಬರೆಯುವ ಹಾಗಿರಲಿಲ್ಲ. ಅವ್ವ 56 ಎಪಿಒ ಅಂದರೆ ಒಂದು ಊರು ಅಂದುಕೊಂಡಿದ್ದಳು. "ಆ ಊರಾಗ ಮಳಿ ಹ್ಯಾಂಗೈತಿ" ಅಂತ ಹೆಂಡತಿಯಿಂದ ಬರೆಸಿದ್ದಳು.

ಶ್ರೀನಗರ–ಲೇಹ್ ರಸ್ತೆ ತೋಲೋಲಿಂಗ್ ಬೆಟ್ಟದ ಮೇಲಿದ್ದ ಶತ್ರುವಿನ ಕಣ್ಣಿಗೆ ಬೀಳುತ್ತಿತ್ತು. ಅದಕ್ಕೇ ಗಾಡಿಗಳು ರಾತ್ರಿ ಲೈಟ್ ಆರಿಸಿಕೊಂಡು ಬರುತ್ತಿದ್ದವು. ರೇಷನ್, ಗುಂಡು, ಪತ್ರ, ಎಲ್ಲಾ ಆ ಕತ್ತಲಲ್ಲೇ ಬರಬೇಕು. ಜೂನ್ 13ಕ್ಕೆ ನಮ್ಮವರು ತೋಲೋಲಿಂಗ್ ಹಿಡಿದ ಮೇಲೆ ಸ್ವಲ್ಪ ಉಸಿರು ಬಂತು.

ಗನ್ನಿನ ಪಕ್ಕದಲ್ಲೇ ಹಳ್ಳ ತೋಡಿ, ಮರಳಿನ ಚೀಲ ಪೇರಿಸಿ ಮಲಗುತ್ತಿದ್ದೆವು. ಒಂದೊಂದು ಗುಂಡು ಸುಮಾರು 43 ಕಿಲೋ. ರಾತ್ರಿಯಿಡೀ ಹೊತ್ತು ಕೊಟ್ಟರೆ ಬೆಳಿಗ್ಗೆ ಚಹಾದ ಮಗ್ ಹಿಡಿದ ಕೈ ನಡುಗುತ್ತಿತ್ತು. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಹೋಗುತ್ತಲೇ ಇರಲಿಲ್ಲ. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಪ್ರೆಷರ್ ಕುಕ್ಕರ್ ಇಲ್ಲದೆ ಲಂಗರ್, ಅಂದರೆ ನಮ್ಮ ಅಡುಗೆಮನೆ, ನಡೆಯುತ್ತಲೇ ಇರಲಿಲ್ಲ. ಲಂಗರ್ ತಡವಾದ ದಿನ ಜೇಬಲ್ಲಿದ್ದ ಶಕ್ಕರ್‌ಪಾರಾ ಅನ್ನುವ ಕರಿದ ಸಿಹಿತಿಂಡಿಯನ್ನು ಇಷ್ಟಿಷ್ಟೇ ತಿಂದು ಕಾಯುವುದು.

ಇಂಥದರಲ್ಲಿ ಪತ್ರ ಯಾವಾಗ ಬರೆಯೋದು? ಮೊದಲು ನಾನು ಬಿಡುವು ಸಿಗಲಿ ಅಂತ ಕಾದೆ. ಅದು ತಪ್ಪು. ಬಿಡುವು ಸಿಕ್ಕರೆ ನಿದ್ದೆ ಬರುತ್ತದೆ, ಪತ್ರ ಬರೆಯಲಾಗುವುದಿಲ್ಲ. ಆಮೇಲೆ ಬೆಳಗಿನ ಚಹಾದ ಹೊತ್ತಿಗೆ ನಾಲ್ಕು ಸಾಲು ಅಂತ ಇಟ್ಟುಕೊಂಡೆ. ಗುಂಡಿನ ಪೆಟ್ಟಿಗೆಯ ಮುಚ್ಚಳವೇ ಮೇಜು. ಚಳಿಗೆ ಬಾಲ್‌ಪೆನ್ ಬರೆಯುತ್ತಿರಲಿಲ್ಲ, ರಾತ್ರಿ ಅದನ್ನು ಒಳಂಗಿಯ ಜೇಬಲ್ಲಿ ಇಟ್ಟುಕೊಂಡು ಮಲಗುತ್ತಿದ್ದೆ. ಒಂದು ಇನ್‌ಲ್ಯಾಂಡ್, ಅಂದರೆ ಮಡಚಿ ಅಂಟಿಸುವ ಅಂಚೆ ಕಾಗದ, ತುಂಬಲು ಮೂರು ದಿನ ಹಿಡಿಯುತ್ತಿತ್ತು. ತುಂಬಿದ್ದನ್ನು ರೇಷನ್ ಗಾಡಿಗೆ ಕೊಡುವುದು.

ನಂಬರ್ ಹಾಕುವುದನ್ನು ಕಲಿಸಿದ್ದು ಒಂದು ಜ್ವರ. ಜ್ವರ ಬಂದಿದೆ ಅಂತ ಒಂದು ಪತ್ರ, ಬಿಟ್ಟಿತು ಅಂತ ಇನ್ನೊಂದು ಬರೆದೆ. ಊರಿಗೆ ಎರಡನೆಯದು ಮೊದಲು ಹೋಯಿತು. ಹಿಂದೆಯೇ ಜ್ವರದ ಪತ್ರ ಬಂತು. ಗಡಿಬಿಡಿಯಲ್ಲಿ ತಾರೀಖು ಹಾಕಿರಲಿಲ್ಲ. ಮತ್ತೆ ಜ್ವರ ಬಂತೆಂದು ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಅವತ್ತಿನಿಂದ ಪ್ರತಿ ಪತ್ರದ ಮೂಲೆಯಲ್ಲಿ ನಂಬರ್, ತಾರೀಖು. ನನ್ನ ಪುಟ್ಟ ನೋಟ್‌ಬುಕ್‌ನಲ್ಲೂ ಅದೇ ನಂಬರ್, ಎದುರಿಗೆ ಏನು ಬರೆದೆ ಅಂತ ಒಂದು ಸಾಲು. ಹೆಂಡತಿಗೂ ಹಾಗೇ ಮಾಡಲು ಹೇಳಿದೆ. ಯಾವ ಪತ್ರ ಇನ್ನೂ ದಾರಿಯಲ್ಲಿದೆ ಅಂತ ಇಬ್ಬರಿಗೂ ಗೊತ್ತಾಗುತ್ತಿತ್ತು.

ಪತ್ರವನ್ನು ಅವಳು ಪಡಸಾಲೆಯಲ್ಲಿ ಕೂತು ಜೋರಾಗಿ ಓದಬೇಕಿತ್ತು. ಅಪ್ಪ, ಅವ್ವ, ಅಕ್ಕಪಕ್ಕದವರು ಎಲ್ಲಾ ಕೇಳುತ್ತಿದ್ದರು. ಹಾಗಾಗಿ ಕೊನೆಯ ಮಡಿಕೆ ಅವಳಿಗೆ ಅಂತ ಬಿಡುತ್ತಿದ್ದೆ. ಅಲ್ಲಿಗೆ ಬಂದಾಗ "ಇಷ್ಟೇ" ಅಂತ ಮಡಚಿಡುತ್ತಿದ್ದಳು. ಅವ್ವನಿಗೆ ಗೊತ್ತಾಗದೇ ಇರುತ್ತಾ? ಆದರೆ ಒಮ್ಮೆಯೂ ಕೇಳಲಿಲ್ಲ.

ಮೊದಮೊದಲು ಎಲ್ಲಾ ಕ್ಷೇಮ, ಚಿಂತೆ ಬೇಡ ಅಂತಲೇ ಬರೆದೆ. ಅವ್ವ ತಿರುಗಿ ಬರೆಸಿದಳು: "ಟಿವ್ಯಾಗ ಬೆಂಕಿ ತೋರಸ್ತಾರ. ನೀ ನೋಡಿದ್ರ ಎಲ್ಲಾ ಆರಾಮ ಅಂತಿ. ಖರೇ ಹೇಳು." ಕಾರ್ಗಿಲ್ ಹೊತ್ತಿಗೆ ಯುದ್ಧ ಮನೆಮನೆಯ ಟಿವಿಗೆ ಬಂದಿತ್ತು. ಬರೀ ಕ್ಷೇಮ ಅಂದರೆ ಯಾರೂ ನಂಬುವ ಹಾಗಿರಲಿಲ್ಲ. ಆಮೇಲೆ ಯುದ್ಧದ ಮಾತು ಬಿಟ್ಟು ನನ್ನ ಮೈಯ ಸುದ್ದಿ ಸರಿಯಾಗಿ ಬರೆದೆ. ತುಟಿ ಒಡೆದಿದೆ, ಎಡಗಿವಿ ಮಂದವಾಗಿದೆ, ನಿನ್ನೆ ನಾಲ್ಕು ತಾಸು ಮಲಗಿದೆ. ಅದಾದ ಮೇಲೆ ಅವ್ವ ಸಮಾಧಾನವಾದಳು ಅಂತ ಹೆಂಡತಿ ಬರೆದಳು.

ಮನೆಯಿಂದ ಬರುವ ಪತ್ರದಲ್ಲಿ ನನಗೆ ಬೇಕಿದ್ದುದೂ ಅಂಥದ್ದೇ. ಹುಷಾರಾಗಿರಿ ಅನ್ನೋದನ್ನು ಎಷ್ಟು ಸಲ ಓದಲಿ? ಮೆಣಸಿನ ಅಗಿ ಎಷ್ಟೆತ್ತರ ಬಂತು, ಬಿತ್ತನೆ ಮುಗೀತಾ, ಇದು ಬರೆದರೆ ನಾನು ಹೊಲದಲ್ಲಿ ನಿಂತ ಹಾಗಾಗುತ್ತಿತ್ತು. ಜೂನ್ ಕೊನೆಯ ಕಾರಹುಣ್ಣಿಮೆ ರಾತ್ರಿ ಹಿಮದ ಮೇಲೆ ಬೆಳದಿಂಗಳು ಬಿದ್ದು ಬೆಟ್ಟವೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಊರಲ್ಲಿ ನಮ್ಮ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿರುತ್ತಾರೆ ಅಂದುಕೊಂಡೆ. ಅವತ್ತಿಗಾಗಲೇ ಒಂದು ಎತ್ತು ಸತ್ತಿತ್ತು. ನನಗೆ ಹೇಳಬೇಡ ಅಂದಿದ್ದ ಅಪ್ಪ. ತಿಳಿದಾಗ ನನಗೆ ಎತ್ತಿನ ದುಃಖಕ್ಕಿಂತ ಜಾಸ್ತಿ ಇನ್ನೊಂದು ಭಯ ಹತ್ತಿತು: ಇನ್ನೇನೇನು ಮುಚ್ಚಿಟ್ಟಿದ್ದಾರೋ. ಎರಡೂ ಕಡೆ ಮುಚ್ಚಿಡೋದು ಬೇಡ ಅಂತ ಕಟ್ಟುನಿಟ್ಟಾಗಿ ಬರೆದೆ.

ಜುಲೈ 4ಕ್ಕೆ ಟೈಗರ್ ಹಿಲ್ ನಮ್ಮದಾಯಿತು. 26ಕ್ಕೆ ಯುದ್ಧ ಮುಗಿಯಿತು. ಒಟ್ಟು 527 ಜನ ನಮ್ಮವರು ವಾಪಸ್ ಬರಲಿಲ್ಲ. ಊರಿಗೆ ಯಾವುದಾದರೂ ಜೀಪು ಬಂದರೆ ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ. ಇದನ್ನು ಹೆಂಡತಿ ಯಾವ ಪತ್ರದಲ್ಲೂ ಬರೆದಿರಲಿಲ್ಲ.

ಅಕ್ಟೋಬರ್‌ನಲ್ಲಿ ರಜೆ ಸಿಕ್ಕಿತು. ನನ್ನ ಪತ್ರಗಳನ್ನು ಅಪ್ಪ ನಂಬರ್ ಪ್ರಕಾರ ತಂತಿಗೆ ಪೋಣಿಸಿ ಗೋಡೆಗೆ ತೂಗುಹಾಕಿದ್ದ. 13 ಆದಮೇಲೆ 15. ನಡುವಿನದು ಬಂದೇ ಇರಲಿಲ್ಲ. "ಅದರಾಗ ಏನ್ ಬರದಿದ್ದಿ?" ಅಂದಳು ಅವ್ವ. ನೋಟ್‌ಬುಕ್ ತೆಗೆದು ಆ ಸಾಲು ನೋಡಿದೆ. ಊಟ ಮುಗಿದ ಮೇಲೆ ಅವಳ ಪಕ್ಕ ಕೂತು, 14ನೇ ಪತ್ರವನ್ನು ನೆನಪಿದ್ದಷ್ಟು ಬಾಯಲ್ಲೇ ಹೇಳಿದೆ.